ಒಂದೂವರೆ ಸಾವಿರ ಉಳಿಸಿದ್ದು

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿರುವ ನುಗ್ಗೆ ಮರವನ್ನು ಯಾರೂ ನೆಟ್ಟಿದ್ದಲ್ಲ. ಬಟ್ಟೆ ಒಣಗಿಸುವ ಹಗ್ಗ ಕಟ್ಟೋಕೆ ಅಂತ ಅಮ್ಮ ಒಂದು ಗೂಟ ಹುಗಿದಿದ್ದಳು. ಆ ಗೂಟ ಚಿಗುರಿತು. ನುಗ್ಗೆ ಬುದ್ಧಿಯೇ ಹಾಗೆ, ಕೊಂಬೆ ಕಡಿದು ಮಣ್ಣಿಗೆ ಸಿಕ್ಕಿಸಿದರೆ ಸಾಕು, ಬದುಕಿಕೊಳ್ಳುತ್ತೆ. ಈಗ ಅದು ನಮ್ಮ ತಾರಸಿಯನ್ನೂ ದಾಟಿದೆ. ಕಾಯಿ ಬಿಡೋದು ತುದಿಯಲ್ಲಿ. ನಾವು ಕೆಳಗೆ ನಿಂತು ನೋಡುತ್ತೇವೆ, ಗಿಳಿಗಳು ಮೇಲೆ ಕೂತು ನಮ್ಮನ್ನು ನೋಡುತ್ತವೆ. ಸಾರಿಗೆ ನುಗ್ಗೆಕಾಯಿ ಬೇಕಾದರೆ ದೇವರಾಜ ಮಾರುಕಟ್ಟೆಗೇ ಹೋಗಬೇಕು.

ಆಷಾಢದ ಗಾಳಿಗೆ ಒಂದು ದಪ್ಪ ಕೊಂಬೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ತಲೆಯಿಟ್ಟು ಮಲಗಿತು. ಮರ ಕಡಿಯುವವನನ್ನು ಕರೆಸಿದೆ. ಅವನು ಮರದ ಸುತ್ತ ಒಂದು ಸುತ್ತು ಬಂದು, ಕತ್ತೆತ್ತಿ ನೋಡಿ, "ಒಂದೂವರೆ ಸಾವಿರ ಆಯ್ತದೆ ಸಾ" ಅಂದ.

"ಒಂದು ನುಗ್ಗೆ ಮರಕ್ಕಾ? ಕೈಯಲ್ಲಿ ಮುರಿದರೂ ಮುರಿಯುತ್ತಲ್ಲಪ್ಪ!"

"ಅದಕ್ಕೇ ಸಾ" ಅಂತ ಹೇಳಿ ಹೊರಟುಹೋದ. ಆ ಮಾತಿನ ಅರ್ಥ ನನಗೆ ಮುಂದಿನ ಭಾನುವಾರ ಗೊತ್ತಾಯಿತು.

ನುಗ್ಗೆ ಮರದಲ್ಲಿ ದೆವ್ವ ಇರುತ್ತೆ ಅಂತ ಅಜ್ಜಿ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ನಂಬಿದ್ದೆ, ದೊಡ್ಡವನಾದ ಮೇಲೆ ನಕ್ಕಿದ್ದೆ. ಈಗ ಅನ್ನಿಸುತ್ತೆ, ಮಕ್ಕಳು ಹತ್ತದಿರಲಿ ಅಂತ ಯಾವಳೋ ಜಾಣೆ ತಾಯಿ ಕಟ್ಟಿದ ಕತೆ ಅದು. ಮಾವು, ಹುಣಸೆ ಬಗ್ಗುತ್ತವೆ, ಕಿರುಗುಟ್ಟುತ್ತವೆ, ನಮಗೆ ಇಳಿಯೋಕೆ ಪುರುಸೊತ್ತು ಕೊಡುತ್ತವೆ. ನುಗ್ಗೆ ಹೇಳದೆ ಕೇಳದೆ ಲಟಕ್ ಅನ್ನುತ್ತೆ.

ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಹೊಸ ಗರಗಸ ಹಿಡಿದು ಏಣಿ ಹತ್ತಿದೆ. "ರೀ, ಏಣಿ ಹಿಡ್ಕೊಳ್ಲಾ?" ಅಂತ ಇವಳು ಕೇಳಿದಳು. "ಬೇಡ, ನೀನು ದೂರ ನಿಂತ್ಕೋ" ಅಂದೆ. ಇಡೀ ದಿನದಲ್ಲಿ ನಾನು ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಅಷ್ಟರಲ್ಲಿ ಕಾಂಪೌಂಡಿನ ಆಚೆ ಮೇಷ್ಟ್ರ ತಲೆ ಕಾಣಿಸಿತು. ನಿವೃತ್ತರಾದ ಮೇಲೆ ಅವರಿಗೆ ತೋಟಗಾರಿಕೆಯ ಹುಚ್ಚು. "ಪಿಕೆಎಂ-1 ಹಾಕಬೇಕಿತ್ತು ನೀವು. ತಮಿಳುನಾಡಿನ ಪೆರಿಯಕುಲಂನ ನುಗ್ಗೆ ತಳಿ. ಬೀಜ ಹಾಕಿ ಆರೇಳು ತಿಂಗಳಿಗೆ ಕಾಯಿ. ಫಸಲು ಮುಗೀತಿದ್ದ ಹಾಗೆ ಸೊಂಟದೆತ್ತರಕ್ಕೆ ಕಡಿದುಬಿಡ್ತಾರೆ. ಏಣಿಯೇ ಬೇಡ!" ಅಂದರು. ಏಣಿಯ ಒಂಬತ್ತನೇ ಮೆಟ್ಟಿಲಲ್ಲಿ ನಿಂತವನಿಗೆ ಇದಕ್ಕಿಂತ ಒಳ್ಳೆಯ ಸಲಹೆ ಯಾರು ಕೊಡುತ್ತಾರೆ?

ಕಾಳಿದಾಸ ಕೂತ ಕೊಂಬೆಯನ್ನೇ ಕಡಿದ ಅಂತ ನಗುತ್ತೇವೆ, ಅಲ್ವಾ? ನಾನು ಅಷ್ಟು ದಡ್ಡನಲ್ಲ. ಏಣಿ ಒರಗಿಸಿದ್ದ ಕೊಂಬೆಯನ್ನು, ಏಣಿಯಿಂದ ಎರಡಡಿ ಆಚೆ ಕೊಯ್ಯುತ್ತಿದ್ದೆ. ಲೆಕ್ಕ ಸರಿಯಾಗೇ ಇತ್ತು. ಆದರೆ ತುದಿಯ ಭಾರಕ್ಕೆ ಬಾಗಿದ್ದ ಕೊಂಬೆ, ಭಾರ ಇಳಿದ ಕೂಡಲೇ ಮೇಲಕ್ಕೆ ಚಿಮ್ಮುತ್ತೆ ಅನ್ನೋದು ಲೆಕ್ಕದಲ್ಲಿ ಇರಲಿಲ್ಲ. ಗರಗಸ ಅರ್ಧಕ್ಕೆ ಹೋಗಿತ್ತು, ಅಷ್ಟರಲ್ಲಿ ಲಟಕ್. ಆಚೆಯ ತುಂಡು ಕೇಬಲ್ ತಂತಿಯನ್ನು ಜೊತೆಗೆ ಕರೆದುಕೊಂಡು ಕೆಳಗೆ ಹೋಯಿತು. ಈಚೆಯ ತುಂಡು ಮೇಲೆ ಹೋಯಿತು. ಏಣಿಗೆ ಒರಗೋಕೆ ಗಾಳಿ ಮಾತ್ರ ಉಳಿಯಿತು.

ನಾನು ಕಾಂಡವನ್ನು ತಬ್ಬಿಕೊಂಡೆ. ಹೆತ್ತ ತಾಯಿಯನ್ನೂ ಅಷ್ಟು ಗಟ್ಟಿಯಾಗಿ ತಬ್ಬಿರಲಿಲ್ಲ. ಎದೆಗೆ ಏನೋ ಮೆತ್ತಗೆ ತಾಗಿತು. ಹಳೇ ಗೋಣಿಚೀಲ ಇರಬೇಕು ಅಂದುಕೊಂಡೆ. ಗೋಣಿಚೀಲ ಅಲುಗಾಡಿತು.

ಮಳೆಗಾಲದಲ್ಲಿ ನುಗ್ಗೆಗೆ ಕಂಬಳಿ ಹುಳ ಬರುತ್ತೆ ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ರಾತ್ರಿ ಎಲೆ ತಿಂದು, ಹಗಲಲ್ಲಿ ಕಾಂಡದ ಮೇಲೆ ನೂರಾರು ಒಟ್ಟಿಗೆ ಅಂಟಿಕೊಂಡು ಮಲಗುತ್ತವೆ. ತೊಗಟೆಯ ಬಣ್ಣ ಯಾವುದು, ಹುಳದ ಬಣ್ಣ ಯಾವುದು ಅಂತ ತಿಳಿಯೋದಿಲ್ಲ. ಬನಿಯನ್ನಿನ ಮೇಲಂತೂ ಚೆನ್ನಾಗಿ ತಿಳಿಯುತ್ತೆ.

ಹೇಗೆ ಇಳಿದೆ ಅಂತ ನೆನಪಿಲ್ಲ. ಇಳಿದಾಗ ಹಿತ್ತಲ ತುಂಬ ಜನ ಇದ್ದರು, ಒಬ್ಬೊಬ್ಬರದು ಒಂದೊಂದು ಮದ್ದು. ಎದುರು ಮನೆ ಅಜ್ಜಿ ಕಂಬಳಿಯಲ್ಲೇ ಉಜ್ಜಬೇಕು ಅಂದರು. ಹೆಸರಿಗೆ ಹೆಸರು ಸರಿಹೋಗುತ್ತೆ, ಅಷ್ಟೇ. ಇನ್ನೊಬ್ಬರು ವೀಳ್ಯದೆಲೆ ತಂದರು. ಮೇಷ್ಟ್ರು ಮಾತ್ರ ಸುಮ್ನೆ ನಿಂತಿದ್ದರು. ಪಿಕೆಎಂ-1ರಲ್ಲಿ ಇದಕ್ಕೆ ಉತ್ತರ ಇರಲಿಲ್ಲ ಅಂತ ಕಾಣುತ್ತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಮ್ಮ ಹಿತ್ತಲ ಗಿಡಕ್ಕೇ ಮದ್ದಿರಲಿಲ್ಲ.

"ಉಜ್ಜಬೇಡಿ, ಉಜ್ಜಿದರೆ ರೋಮ ಇನ್ನೂ ಒಳಗೆ ಹೋಗುತ್ತೆ. ಟೇಪ್ ಅಂಟಿಸಿ ಕೀಳಿ" ಅಂದರು ಫೋನಿನಲ್ಲಿ ಡಾಕ್ಟರು. ಮನೆಯಲ್ಲಿ ಇದ್ದದ್ದು ಡಬ್ಬ ಪ್ಯಾಕ್ ಮಾಡುವ ಅಗಲದ ಕಂದು ಟೇಪು. ಇವಳು ಅಂಟಿಸಿದಳು, ಕಿತ್ತಳು. ಹುಳದ ರೋಮದ ಜೊತೆ ನನ್ನವೂ ಬಂದವು. ಮೂವತ್ತು ವರ್ಷದ ಸಂಸಾರದಲ್ಲಿ ಇವಳು ಇಷ್ಟು ಏಕಾಗ್ರತೆಯಿಂದ ನನ್ನ ಸೇವೆ ಮಾಡಿದ್ದು ಇದೇ ಮೊದಲು.

ದಪ್ಪ ಕೊಂಬೆಯಂತೂ ಇಳಿಯಿತು, ಆದರೆ ಅದರ ರೆಂಬೆ ಕೊಂಬೆಗಳೆಲ್ಲ ಹಿತ್ತಲಲ್ಲೇ ಬಿದ್ದಿದ್ದವು. ಹುಳ ಮುಟ್ಟದ ಸೊಪ್ಪನ್ನು ಬೀದಿಗೆಲ್ಲ ಹಂಚಿದೆವು. ನಮ್ಮ ಮನೆಯಲ್ಲಿ ಸೋಮವಾರ ಪಲ್ಯ, ಮಂಗಳವಾರ ಬಸ್ಸಾರು, ಬುಧವಾರ ರೊಟ್ಟಿ, ಗುರುವಾರ ಹೋಟೆಲು. ಕಸದ ಗಾಡಿಯವನು ಕೊಂಬೆಗಳನ್ನು ನೋಡಿ, ನನ್ನನ್ನು ನೋಡಿ, ಸೀಟಿ ಊದಿಕೊಂಡು ಮುಂದೆ ಹೋದ. ಕೊನೆಗೆ ಅದೇ ಮರ ಕಡಿಯುವವನಿಗೆ ಫೋನು ಮಾಡಿದೆ. "ಸಾಗ್ಸಕ್ಕೆ ಎರಡು ಸಾವಿರ ಸಾ. ಕಡಿಯೋದು ಸುಲಭ, ಹೊರೋದು ಕಷ್ಟ" ಅಂದ.

ಗೂಡ್ಸ್ ಆಟೋ ತುಂಬಿಸುವಾಗ ಅವನು ಮರದ ಹತ್ತಿರ ನಿಂತ. ತೊಗಟೆ ಮೊಳದುದ್ದ ಸೀಳಿಕೊಂಡು ನೇತಾಡುತ್ತಿತ್ತು. ಕತ್ತೆತ್ತಿ ಅದನ್ನೇ ನೋಡಿದ.

"ಮೊದ್ಲು ಕೆಳಗಿಂದ ಒಂದು ಗಾಯ ಮಾಡ್ಕೊಂಡು, ಆಮೇಲೆ ಮೇಲಿಂದ ಕುಯ್ಬೇಕು ಸಾ. ಆಗ ಸಿಗಿಯಲ್ಲ. ಯಾರು ಕಡಿದಿದ್ದು ಇದನ್ನ?"

"ಯಾರೋ ಒಬ್ಬ ಬಂದಿದ್ದ" ಅಂದೆ.

"ದುಡ್ಡು ಕೊಟ್ರಾ ಅವನಿಗೆ?"

ಅಡುಗೆಮನೆ ಕಿಟಕಿಯೊಳಗೆ ಯಾವುದೋ ಪಾತ್ರೆ ಕೈಜಾರಿ ಬಿತ್ತು. ಇವಳು ನಗೋಕೆ ಶುರುಮಾಡಿದರೆ ಕೈಯಲ್ಲಿ ಏನೂ ನಿಲ್ಲೋದಿಲ್ಲ.