ಮೊಸಳೆಗಿಂತ ಮಂಡಿ ಅಪಾಯ

ಡಾಲಸ್ ಸುತ್ತಮುತ್ತಲಿನ ಕನ್ನಡಿಗರಿಗೆ ಲಾಂಗ್ ವೀಕೆಂಡ್ ಸಿಕ್ಕಿತೆಂದರೆ, ಪೂರ್ವಕ್ಕೆ ಮೂರು ಗಂಟೆ ಕಾರೋಡಿಸಿದರೆ ಕ್ಯಾಡೋ ಲೇಕ್ ಸ್ಟೇಟ್ ಪಾರ್ಕ್. ಟೆಕ್ಸಸ್ ಮತ್ತು ಲೂಸಿಯಾನಗಳ ಗಡಿಯ ಎರಡೂ ಕಡೆ ಹರಡಿದ, 25 ಸಾವಿರ ಎಕರೆಗೂ ಮೀರಿದ ಜೌಗು ಸರೋವರ. ನೀರಿನಲ್ಲೇ ನಿಂತ ಬಾಲ್ಡ್ ಸೈಪ್ರೆಸ್ ಮರಗಳು, ಕೊಂಬೆಕೊಂಬೆಗೂ ಜೋತುಬಿದ್ದ ಬೂದುಬಣ್ಣದ ಸ್ಪ್ಯಾನಿಷ್ ಮಾಸ್. ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: "ಅಲ್ಲಿ ಮೊಸಳೆ ಇದೆಯಂತಲ್ಲ?"

ಇದೆ. ಆಲಿಗೇಟರ್. 30 ಅಡಿ ದೂರದಲ್ಲಿರಿ, ತಿಂಡಿ ಹಾಕಬೇಡಿ (ಟೆಕ್ಸಸ್‌ನಲ್ಲಿ ಅದು ಅಪರಾಧ), ಅದು ಬುಸ್ ಎಂದರೆ ರೀಲ್ಸ್ ನಿಲ್ಲಿಸಿ ಹಿಂದೆ ಸರಿಯಿರಿ. ಮೊಸಳೆ ಅಧ್ಯಾಯ ಇಲ್ಲಿಗೆ ಮುಗಿಯಿತು. ಟ್ರಿಪ್ ಕೆಡಿಸುವವರ ಪಟ್ಟಿಯಲ್ಲಿ ಅದರ ಹೆಸರು ತೀರಾ ಕೆಳಗಿದೆ. ಮೇಲಿನ ಸ್ಥಾನಗಳೆಲ್ಲ ದೋಣಿಯಲ್ಲಿ ಕೂತವರವೇ.

ಬಾಡಿಗೆಗೆ ಸಿಗುವ ಕೆನೂ ಸಾಮಾನ್ಯವಾಗಿ ಇಬ್ಬರು ಹುಟ್ಟು ಹಾಕುವಂಥದ್ದು. ಭಾರದವರು ಹಿಂದೆ, ಹಗುರದವರು ಮುಂದೆ. ಮುಂದಿನವರ ಕೆಲಸ ತಾಳ ಹಿಡಿಯುವುದು ಮತ್ತು ನೀರಿನೊಳಗಿನ ಅಡ್ಡಿಗಳನ್ನು ಕೂಗಿ ಹೇಳುವುದು. ದೋಣಿ ತಿರುಗಿಸುವುದು ಹಿಂದಿನವರು. ಗಂಡ ಹೆಂಡತಿ ಕೂತಾಗ ಈ ನಿಯಮ ಐದು ನಿಮಿಷದಲ್ಲಿ ಮುರಿದುಬೀಳುತ್ತದೆ. ಮುಂದಿದ್ದವರು ಅಲ್ಲಿಂದಲೇ ದಿಕ್ಕು ಸರಿಪಡಿಸಲು ಹೊರಡುತ್ತಾರೆ, ಹಿಂದಿದ್ದವರು ಆ ತಿದ್ದುಪಡಿಯನ್ನು ತಿದ್ದುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದ ಹಿರಿಯರು ಕೆನೂ ನೋಡದೆಯೇ ಕೆನೂ ಬಗ್ಗೆ ಹೇಳಿಬಿಟ್ಟಿದ್ದಾರೆ.

ತಪ್ಪು ಇಬ್ಬರದೂ ಅಲ್ಲ. ಹಿಂದೆ ಕೂತು ಬಲಗಡೆ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ಹೋಗುವುದು ಸಹಜ. ಬಹಳ ಜನ ಪೂರ್ತಿ ತಿರುಗುವ ತನಕ ಕಾದು, ಆಮೇಲೆ ಗಾಬರಿಯಲ್ಲಿ ಕೈ ಬದಲಿಸಿ ಇನ್ನೊಂದು ಕಡೆ ಹೊಡೆಯುತ್ತಾರೆ. ದೋಣಿ ಹಾವಿನ ನಡಿಗೆ ಹಿಡಿಯುತ್ತದೆ, ಒಂದು ಮೈಲಿ ದಾರಿ ಎರಡಾಗುತ್ತದೆ. ಕೈ ಬದಲಿಸುವುದೇ ಬೇಡ. ಪ್ರತಿ ಎಳೆತದ ಕೊನೆಯಲ್ಲಿ, ಹುಟ್ಟು ಸೊಂಟದ ಹತ್ತಿರ ಬಂದಾಗ, ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖ ಮಾಡಿ ಅಲಗನ್ನು ದೋಣಿಯಿಂದ ಹೊರಕ್ಕೆ ಸ್ವಲ್ಪ ತಳ್ಳಿ. ಇದೇ ಜೆ ಸ್ಟ್ರೋಕ್. ಪಾರ್ಕಿನೊಳಗಿನ ಸಾ ಮಿಲ್ ಪಾಂಡ್‌ನಲ್ಲಿ ಅರ್ಧ ಗಂಟೆ ಇದನ್ನಷ್ಟೇ ಮಾಡಿ, ಆಮೇಲೆ ಬಿಗ್ ಸೈಪ್ರೆಸ್ ಬಾಯೂಗೆ (ನಿಧಾನಕ್ಕೆ ಹರಿಯುವ ಜೌಗು ಹೊಳೆ) ಇಳಿದರೆ ಸಂಸಾರಕ್ಕೂ ಒಳ್ಳೆಯದು.

ಇನ್ನು ಮಂಡಿಗಳು. ಸೈಪ್ರೆಸ್ ಬೇರುಗಳಿಂದ ಮೇಲೆದ್ದ ಮೊಂಡು ಗೂಟಗಳಿಗೆ ಅಲ್ಲಿಯವರು ಹಾಗೆನ್ನುತ್ತಾರೆ. ಅವು ಮರಕ್ಕೆ ಏನು ಉಪಕಾರ ಮಾಡುತ್ತವೆ ಎಂದು ವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ದೋಣಿಗೆ ಏನು ಮಾಡುತ್ತವೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನೀರಿನ ಮೇಲೆ ಕಾಣುವುದು ನಿರುಪದ್ರವಿ. ಎರಡಂಗುಲ ಕೆಳಗಿರುವುದೇ ಘಾತುಕ. ನೀರು ಕಾಫಿ ಡಿಕಾಕ್ಷನ್ ಬಣ್ಣದ್ದಾದ್ದರಿಂದ ಹತ್ತಿರ ಬರುವ ತನಕ ಗೊತ್ತಾಗುವುದಿಲ್ಲ. ಮೇಲಾಗಿ ಈ ಸರೋವರದ ಚರಿತ್ರೆಯೇ ಏರಿಳಿತದ್ದು. ರೆಡ್ ನದಿಯಲ್ಲಿ ಮೈಲಿಗಟ್ಟಲೆ ಸಿಕ್ಕಿಕೊಂಡಿದ್ದ ಮರದ ದಿಮ್ಮಿಗಳ ರಾಶಿ ನೀರನ್ನು ಹಿಂದಕ್ಕೆ ಒತ್ತಿ ಕೆರೆಯಾಗಿಸಿತ್ತು. 1870ರ ದಶಕದಲ್ಲಿ ನೈಟ್ರೋಗ್ಲಿಸರಿನ್ ಇಟ್ಟು ಆ ರಾಶಿ ಸಿಡಿಸಿದ ಮೇಲೆ ನೀರು ಇಳಿಯಿತು. 1914ರಲ್ಲಿ ಅಣೆಕಟ್ಟು ಕಟ್ಟಿ ಮತ್ತೆ ಏರಿಸಿದರು, 1971ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಗೇಟುಗಳಿಲ್ಲದ ಕಟ್ಟೆಯಾದ್ದರಿಂದ ಮಳೆ ಬಂದರೆ ನೀರು ಏರುತ್ತದೆ, ನಿಂತರೆ ಇಳಿಯುತ್ತದೆ. ಹೋದ ವಾರ ಸಲೀಸಾಗಿ ದಾಟಿದ ಜಾಗದಲ್ಲೇ ಈ ವಾರ ಗರ್ರ್ ಎಂದು ಸದ್ದು ಬರಬಹುದು.

ಸದ್ದು ಬಂತು, ದೋಣಿಯ ನಡು ಮಂಡಿಯ ಮೇಲೆ ಕೂತಿತು. ಈಗ ಮಾಡಬಾರದ್ದನ್ನು ಎಲ್ಲರೂ ಮಾಡುತ್ತಾರೆ: ಹುಟ್ಟನ್ನು ತಳಕ್ಕೆ ಊರಿ ಬಲವಾಗಿ ತಳ್ಳುವುದು. ತಳ ಎಂಬುದು ಅಲ್ಲಿಲ್ಲ; ಕೊಳೆತ ಎಲೆಗಳ ಹುದುಲು ಇದೆ. ಹುಟ್ಟು ಮೊಳದಷ್ಟು ಒಳಹೋಗಿ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ದೋಣಿ ದಿಢೀರನೆ ಜಾರಿ ಮುಂದೆ ಹೋಗುತ್ತದೆ. ಹುಟ್ಟು ಅಲ್ಲೇ ನಿಂತಿರುತ್ತದೆ. ಹಿಡಿದವರ ಮುಂದೆ ಎರಡೇ ದಾರಿ: ಹುಟ್ಟು ಬಿಡುವುದು ಅಥವಾ ದೋಣಿ ಬಿಡುವುದು. ದಯವಿಟ್ಟು ಹುಟ್ಟು ಬಿಡಿ. ಅದಕ್ಕೇ ದೋಣಿಗೊಂದು ಹೆಚ್ಚುವರಿ ಹುಟ್ಟು ಇಟ್ಟುಕೊಳ್ಳಿ ಎನ್ನುವುದು.

ಸರಿಯಾದ ವಿಧಾನದಲ್ಲಿ ಶೌರ್ಯವಿಲ್ಲ. ಯಾರೂ ಏಳಬೇಡಿ. ದೋಣಿಯ ಯಾವ ತುದಿ ತೇಲುತ್ತಿದೆ ನೋಡಿ. ಇನ್ನೊಂದು ತುದಿಯಲ್ಲಿದ್ದವರು ಮಂಡಿಯೂರಿ, ಎರಡೂ ಅಂಚು ಹಿಡಿದು, ಗೇಣುಗೇಣಾಗಿ ಆ ಕಡೆ ಸರಿಯಲಿ. ಭಾರ ಹೋದಂತೆ ಸಿಕ್ಕಿದ ಭಾಗ ಹಗುರಾಗುತ್ತದೆ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹುಟ್ಟು ಹಾಕಿ. ಪಕ್ಕದ ಕೊಂಬೆ ಹಿಡಿದು ಎಳೆದುಕೊಳ್ಳುವ ಆಸೆ ಬರುತ್ತದೆ. ಕೊಂಬೆಯ ಕೆಳಗೆ ಕೆಂಪು ಕಣಜದ ಗೂಡಿದ್ದರೆ, ದೋಣಿಯಲ್ಲಿ ಏಳಬಾರದೆಂಬ ನಿಯಮ ಎಲ್ಲರಿಗೂ ಒಟ್ಟಿಗೇ ಮರೆತುಹೋಗುತ್ತದೆ.

ಕಾರಿನ ಕೀ ಬಗ್ಗೆ ಒಂದು ಮಾತು. ಜೇಬು ಸುರಕ್ಷಿತ ಸ್ಥಳವಲ್ಲ, ಜಿಪ್‌ಲಾಕ್ ಕವರೂ ಅಲ್ಲ. ನೀರು ಒಳಬಿಡದ ಡ್ರೈ ಬ್ಯಾಗ್‌ನಲ್ಲಿ ಹಾಕಿ, ಗಾಳಿ ಹೊರದಬ್ಬಿ, ಬಾಯನ್ನು ಕನಿಷ್ಠ ಮೂರು ಸುತ್ತು ಸುತ್ತಿ, ಬಕಲ್ ಹಾಕಿ, ದೋಣಿಯ ಅಡ್ಡಪಟ್ಟಿಗೆ ಕಟ್ಟಿ. ಒಂದೇ ಸುತ್ತು ಸುತ್ತಿದ ಡ್ರೈ ಬ್ಯಾಗ್ ಬರೀ ಬ್ಯಾಗ್. ಲೈಫ್ ಜಾಕೆಟ್ ತಲೆಗೊಂದು ಇರಲೇಬೇಕು. 13 ವರ್ಷದೊಳಗಿನ ಮಕ್ಕಳು ತೊಟ್ಟೇ ಇರಬೇಕು ಎಂಬುದು ರಾಜ್ಯದ ಕಾನೂನು. ದೊಡ್ಡವರು ಅದನ್ನು ಸೀಟಿನ ಮೇಲೆ ದಿಂಬು ಮಾಡಿಕೊಳ್ಳುವುದು ಕಾನೂನಿಗೆ ಒಪ್ಪಿತವಾಗಿರಬಹುದು, ನೀರಿಗೆ ಅಲ್ಲ.

ದಾರಿ ತಪ್ಪುವುದಕ್ಕೆ ಇಲ್ಲಿ ಪ್ರತಿಭೆ ಬೇಕಿಲ್ಲ. ಎಲ್ಲ ಮರವೂ ಒಂದೇ ಥರ, ಫೋನ್ ಸಿಗ್ನಲ್ ತನ್ನಿಷ್ಟ. ನೀರಿನಲ್ಲಿ ನಂಬರ್ ಹಾಕಿದ ಬೋಟ್ ರೋಡ್‌ಗಳಿವೆ, ಮರ ಮತ್ತು ಕಂಬಗಳಿಗೆ ಹೊಡೆದ ಫಲಕಗಳನ್ನು ನೋಡುತ್ತ ಸಾಗಬೇಕು. ಕಾಗದದ ಮ್ಯಾಪ್ ಒಯ್ಯಿರಿ. ಪ್ರತಿ ತಿರುವಿನಲ್ಲೂ ಒಮ್ಮೆ ಹಿಂದಿರುಗಿ ನೋಡಿ, ವಾಪಸ್ ಬರುವಾಗ ಕಾಣುವುದು ಆ ಮುಖವೇ.

ರಾತ್ರಿಯ ಅಧಿಕಾರ ರಕೂನ್‌ಗಳದು. ಕೂಲರಿನ ಕೊಂಡಿ, ಟೆಂಟಿನ ಜಿಪ್ ಅವಕ್ಕೆ ಲೆಕ್ಕಕ್ಕಿಲ್ಲ: ಮುಂಗಾಲಿನ ಬೆರಳುಗಳಿಂದ ಮೊದಲು ತಡವಿ, ಕೊಂಡಿ ಎಲ್ಲಿದೆ ಎಂದು ಹುಡುಕಿ, ನಿಧಾನಕ್ಕೆ ಎತ್ತುತ್ತವೆ. ಬೆಳಗ್ಗೆ ಚಿತ್ರಾನ್ನದ ಡಬ್ಬಿ ಖಾಲಿ, ಉಪ್ಪಿನಕಾಯಿ ಬಾಟಲಿ ಮಾತ್ರ ಹಾಗೇ. ತಿನ್ನುವುದೆಲ್ಲ, ಟೂತ್‌ಪೇಸ್ಟ್ ಸಹಿತ, ಕಾರಿನೊಳಗೆ ಇಟ್ಟು ಗಾಜು ಏರಿಸಿ. ಕಾಡಿನ ಸೌದೆ ಆರಿಸುವಂತಿಲ್ಲ. ಕೊಂಡು ತನ್ನಿ, ಬಿಸಿಬೇಳೆ ಬಾತ್‌ಗೆ ಗ್ಯಾಸ್ ಸ್ಟೋವನ್ನೇ ನಂಬಿ. ಅಂತ್ಯಾಕ್ಷರಿ ರಾತ್ರಿ ಹತ್ತಕ್ಕೆ ಬಂದ್, ಪಾರ್ಕಿನ ನಿಶ್ಶಬ್ದ ವೇಳೆ ಬೆಳಗ್ಗೆ ಆರರ ತನಕ. ನೆಲಕ್ಕೆ ಬಿದ್ದ ಸ್ಪ್ಯಾನಿಷ್ ಮಾಸ್ ಮೆತ್ತಗಿದೆಯೆಂದು ತಲೆಯಡಿ ಇಟ್ಟುಕೊಂಡವರನ್ನು ಚಿಗರ್ ಹುಳಗಳು ವಾರಗಟ್ಟಲೆ ಕೆರೆಸುತ್ತವೆ. ಪರ್ಮೆಥ್ರಿನ್ ಎಂಬ ಕೀಟನಾಶಕ ಬಟ್ಟೆಗೆ ಮಾತ್ರ, ಅದೂ ಪೂರ್ತಿ ಒಣಗಿದ ಮೇಲೆ ತೊಡಿ, ಚರ್ಮಕ್ಕೆ ಹುಳ ಓಡಿಸುವ ಡೀಟ್.

ಹೊರಡುವ ಮುನ್ನ ಕೊನೆಯ ಕೆಲಸ, ಎಲ್ಲರೂ ಹಾರಿಸುವ ಕೆಲಸ. ನೀರಿನ ಮೇಲೆ ಹಸಿರು ಚಾಪೆ ಹಾಸಿದಂತೆ ಕಾಣುವ ಜೈಂಟ್ ಸಾಲ್ವೀನಿಯಾ 2006ರಲ್ಲಿ ಇಲ್ಲಿ ಪತ್ತೆಯಾದ ಕಳೆ. ಅನುಕೂಲ ಸಿಕ್ಕರೆ ವಾರವೊಂದರಲ್ಲಿ ದುಪ್ಪಟ್ಟಾಗುತ್ತದೆ. ಅದನ್ನು ತಿನ್ನಲೆಂದು ಸೊಂಡಿಲು ಹುಳಗಳನ್ನು ಸಾಕಿ ನೀರಿಗೆ ಬಿಡುತ್ತಾರೆ. ಇದೇ ಜಾತಿಯ ಹುಳವನ್ನು 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟಿದ್ದರು. ಒಂದು ವರ್ಷದೊಳಗೆ ಅವು ಕೊಳದ ಸಾಲ್ವೀನಿಯಾವನ್ನು ಬೋಳಿಸಿಟ್ಟವು. ಹುಳ ತನ್ನ ಪಾಲಿನ ಕೆಲಸ ಮಾಡುತ್ತದೆ, ನಿಮ್ಮ ಪಾಲಿನದು ಇಷ್ಟು: ದೋಣಿ ಬೋರಲು ಹಾಕಿ ನೀರು ಬಸಿಯಿರಿ, ಸೀಟಿನ ಅಡಿ, ಹಗ್ಗದ ಗಂಟು, ಚಪ್ಪಲಿಯ ಪಟ್ಟಿ ತಡಕಿ, ಹೆಬ್ಬೆರಳಿನ ಉಗುರಿನಷ್ಟು ಎಲೆ ಸಿಕ್ಕರೂ ಕಿತ್ತು ಒಣನೆಲಕ್ಕೆ ಎಸೆಯಿರಿ. ಸಾಗಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 500 ಡಾಲರ್‌ವರೆಗೆ ದಂಡ. ರಕೂನ್ ತಿಂದ ಚಿತ್ರಾನ್ನ ಅದಕ್ಕಿಂತ ಅಗ್ಗ.