ಎರಡು ಬಸ್ಸಿನಲ್ಲಿ ಹೋದವರು

ಹೋದ ವಾರ ಅಕ್ಕ ಡಲ್ಲಾಸಿನಿಂದ ಫೋನ್ ಮಾಡಿದ್ದಳು. "ಲೋ, ಇವನ ಕಾಲೇಜಿಗೆ ಹೊಸ ಕೋಚ್ ಬಂದಿದಾರೆ. ಬೆಳಗ್ಗೆ ಐದಕ್ಕೆಲ್ಲ ಗ್ರೌಂಡಲ್ಲಿ ಇರಬೇಕಂತೆ. ಮೀಟಿಂಗಿಗೆ ಒಂದು ನಿಮಿಷ ತಡ ಆದ್ರೂ ಬಾಗಿಲು ಹಾಕ್ಕೊಂಡು ಬಿಡ್ತಾರಂತೆ. ಖುಷಿನೂ ಆಗ್ತಿದೆ, ಭಯನೂ ಆಗ್ತಿದೆ ಕಣೋ."

ಅಕ್ಕನ ಮಗ ಇಲ್ಲೇ ಟೆಕ್ಸಾಸಿನ ಒಂದು ಸಣ್ಣ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ನಮ್ಮೂರಿನ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು, ಚೆಂಡನ್ನ ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ. ಇವನು ಅದರಲ್ಲಿ ಕಿಕ್ಕರ್, ಅಂದರೆ ಚೆಂಡನ್ನ ಕಾಲಲ್ಲಿ ಒದೆಯುವವನು. ಟೀಮು ಎರಡು ವರ್ಷದಿಂದ ಸೋಲುತ್ತಲೇ ಇದೆ. ಹಳೆ ಕೋಚ್ ಹೋದರು, ಹೊಸಬರು ಬಂದರು. ಬಂದ ದಿನವೇ ಒಂದು ಹಾಳೆ ಹಂಚಿದರಂತೆ. ಕ್ಲಾಸಿನಲ್ಲಿ ಮೊದಲ ಎರಡು ಸಾಲಲ್ಲೇ ಕೂರಬೇಕು. ಊಟದ ಮೇಜಿನಲ್ಲಿ ಫೋನ್ ಇಲ್ಲ. ಅಂಗಿ ಒಳಗೆ ಸೇರಿಸಿರಬೇಕು. ಒಬ್ಬ ತಡ ಮಾಡಿದರೆ ಎಲ್ಲರೂ ಓಡಬೇಕು.

ನನಗೆ ಇದರಲ್ಲಿ ಬಹುಪಾಲು ಇಷ್ಟವಾಯಿತು. ಸೋತು ಸೋತು ಹಣ್ಣಾದ ಟೀಮಿನಲ್ಲಿ ಮೊದಲು ಹಾಳಾಗುವುದು ಸಣ್ಣ ಸಣ್ಣ ವಿಷಯಗಳೇ. ಯಾರೋ ತಡವಾಗಿ ಬರುತ್ತಾರೆ, ಯಾರೂ ಕೇಳುವುದಿಲ್ಲ. ಇನ್ಯಾರೋ ಕ್ಲಾಸಿಗೆ ಚಕ್ಕರ್ ಹೊಡೆಯುತ್ತಾರೆ, ಅದನ್ನೂ ಕೇಳುವುದಿಲ್ಲ. ನೂರು ಹುಡುಗರಿರುವ ಟೀಮು ಅದು. ಹೊಸ ಕೋಚಿಗೆ ಬಂದ ತಕ್ಷಣ ಒಳ್ಳೆ ಆಟಗಾರರನ್ನ ತರಲು ಆಗಲ್ಲ, ದುಡ್ಡು ತರಲೂ ಆಗಲ್ಲ. ಐದು ಗಂಟೆಗೆ ಎಲ್ಲರನ್ನೂ ಎಬ್ಬಿಸಲು ಮಾತ್ರ ಆಗುತ್ತದೆ. ಅಲ್ಲಿಂದ ಶುರು ಮಾಡುವುದು ಸರಿಯೇ.

ನನಗೆ ಕಸಿವಿಸಿ ಆಗಿದ್ದು ಬೇರೆ ಕಡೆ. ಆ ಟೀಮಿನ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಬರೆದಿದ್ದರಂತೆ: "ಈ ಹುಡುಗರಿಗೆ ಒಂದು ಜಂಕ್ಷನ್ ಆಗಬೇಕು." ಎಲ್ಲರೂ ಹೆಬ್ಬೆರಳು ಒತ್ತಿದ್ದೇ ಒತ್ತಿದ್ದು. ಅಕ್ಕ ಕೇಳಿದಳು, "ಜಂಕ್ಷನ್ ಅಂದ್ರೆ ಏನೋ?"

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನ ಇಲ್ಲೂ ಬರೆಯುತ್ತೇನೆ. ಇಲ್ಲಿರುವ ನಮ್ಮವರ ಮಕ್ಕಳು ಈ ಆಟಕ್ಕೆ ಹೋಗುವುದು ಈಗ ಜಾಸ್ತಿಯಾಗಿದೆ.

ಜಂಕ್ಷನ್ ಅನ್ನುವುದು ಒಂದು ಊರು. ನಾವಿರುವ ಸ್ಯಾನ್ ಆಂಟೋನಿಯೊದಿಂದ ಐ-10 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು ಎರಡು ಗಂಟೆ ದಾರಿ. 1954ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿಗೆ ಪಾಲ್ ಬ್ರಯಂಟ್ ಅನ್ನುವ ಕೋಚ್ ಬಂದರು. ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಕರಡಿ ಜೊತೆ ಕುಸ್ತಿಗೆ ಇಳಿದಿದ್ದಕ್ಕೆ 'ಬೇರ್' ಅಂತ ಅಡ್ಡಹೆಸರು ಬಿದ್ದ ಮನುಷ್ಯ. ಅದಕ್ಕೂ ಮುಂಚೆ ಕೆಂಟಕಿಯಲ್ಲಿ ಹೆಸರು ಮಾಡಿದ್ದರು. ಇಲ್ಲಿನ ಟೀಮು ಹಿಂದಿನ ವರ್ಷದ ಕೊನೆಯ ಐದು ಪಂದ್ಯವನ್ನೂ ಸೋತಿತ್ತು. ಸೆಪ್ಟೆಂಬರ್ ಶುರುವಿನಲ್ಲಿ ಹುಡುಗರನ್ನ ಎರಡು ಬಸ್ಸಿಗೆ ತುಂಬಿಕೊಂಡು ಜಂಕ್ಷನ್‌ಗೆ ಕರೆದುಕೊಂಡು ಹೋದರು. ಅಲ್ಲಿ ಹತ್ತು ದಿನದ ಕ್ಯಾಂಪು.

ಆಗ ಟೆಕ್ಸಾಸಿಗೆ ದೊಡ್ಡ ಬರಗಾಲ. ಬಿಸಿಲು 38 ಡಿಗ್ರಿ ದಾಟಿತ್ತು. ಹುಲ್ಲಿಲ್ಲದ ಬರೀ ಕಲ್ಲುಮಣ್ಣಿನ ಬಯಲು. ಕತ್ತಲಿರುವಾಗಲೇ ಪ್ರಾಕ್ಟೀಸ್ ಶುರು. ಆಟದ ಮಧ್ಯೆ ನೀರು ಕೊಡುತ್ತಿರಲಿಲ್ಲ. ನೀರು ಕೇಳಿದವನು ಹೇಡಿ ಅನ್ನುವ ಕಾಲ ಅದು. ರಾತ್ರಿ ಹುಡುಗರು ಪೆಟ್ಟಿಗೆ ಎತ್ತಿಕೊಂಡು, ಯಾರಿಗೂ ಹೇಳದೆ ಬಸ್ ನಿಲ್ದಾಣಕ್ಕೆ ನಡೆದು ಹೋಗಿಬಿಡುತ್ತಿದ್ದರು. ಕ್ಯಾಂಪಿಗೆ ಬಂದವರು ನೂರರ ಹತ್ತಿರ, ಕೊನೆಯ ತನಕ ಉಳಿದವರು ಮೂವತ್ತೈದರ ಆಸುಪಾಸು. ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡು ಬಸ್ಸಿನಲ್ಲಿ ಹೋದೆವು, ಒಂದರಲ್ಲಿ ವಾಪಸ್ ಬಂದೆವು ಅನ್ನುವ ಮಾತು ಮಾತ್ರ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಒಬ್ಬ ಹುಡುಗ ಬಿಸಿಲಿನ ಹೊಡೆತಕ್ಕೆ ಕುಸಿದು ಬಿದ್ದು, ಸಾವಿನ ಬಾಗಿಲು ತಟ್ಟಿ ಬಂದ.

ಎರಡು ವರ್ಷದ ಹಿಂದೆ ನಾನು ಆ ಊರಿಗೆ ಹೋಗಿದ್ದೆ. ನದಿ ಚೆನ್ನಾಗಿ ಹರಿಯುತ್ತಿತ್ತು, ದಡದಲ್ಲಿ ಪೆಕನ್ ಮರಗಳ ನೆರಳು. ಇದೇನು ಇಷ್ಟು ತಂಪಾಗಿದೆ ಅಂದುಕೊಂಡು ರಸ್ತೆ ಪಕ್ಕದ ಬಯಲಿಗೆ ನಾಲ್ಕು ಹೆಜ್ಜೆ ಇಟ್ಟೆ. ಚಪ್ಪಲಿ ದಾಟಿಕೊಂಡು ಏನೋ ಚುಚ್ಚಿತು. ತೆಗೆದು ನೋಡಿದರೆ ನೆಗ್ಗಿಲು ಮುಳ್ಳು! ನಮ್ಮ ಚಳ್ಳಕೆರೆ ಕಡೆ ಹೊಲದ ಬದುವಿನಲ್ಲಿ ಇರುತ್ತಲ್ಲ, ಅದೇ. ಸೈಕಲ್ ಟಯರಿಗೆ ಚುಚ್ಚಿ ಪಂಕ್ಚರ್ ಮಾಡುವ ಮುಳ್ಳು. ಇಲ್ಲಿನವರು ಅದನ್ನ ಮೇಕೆ ತಲೆ ಅನ್ನುತ್ತಾರೆ, ಎರಡು ಕೊಂಬು ಇರುವುದಕ್ಕೆ. ಜಂಕ್ಷನ್ ಕಥೆ ಹೇಳುವವರೆಲ್ಲ ಈ ಮುಳ್ಳನ್ನ ನೆನೆಸಿಕೊಳ್ಳುತ್ತಾರೆ. ಆ ಬಯಲಲ್ಲಿ ಹುಡುಗರು ದಿನವಿಡೀ ಬಿದ್ದು ಎದ್ದು ಮಾಡಿದ್ದು ಇದರ ಮೇಲೇ. ನಾನು ಕಾರಿನ ಬಾಗಿಲಿಗೆ ಒರಗಿ ನಿಂತು ಅಂಗಾಲಿನಿಂದ ಮುಳ್ಳು ಕೀಳುವಾಗ ಹತ್ತೊಂಬತ್ತು ವರ್ಷದ ಆ ಹುಡುಗರ ಅಂಗೈಗಳು ಹೇಗಿದ್ದಿರಬಹುದು ಅಂತ ಯೋಚನೆ ಬಂತು.

ಈ ಕಥೆಯನ್ನ ಹೇಳುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕಷ್ಟಪಟ್ಟರು, ಉಕ್ಕಿನಂತಾದರು, ಎರಡು ವರ್ಷದಲ್ಲಿ ಚಾಂಪಿಯನ್ ಆದರು ಅಂತ. ನಿಜ, 1956ರಲ್ಲಿ ಆ ಟೀಮು ಒಂಬತ್ತು ಗೆದ್ದು, ಒಂದು ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ತಮ್ಮ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪಿನ, ಚಾಂಪಿಯನ್ ಆಯಿತು. ಜಂಕ್ಷನ್‌ನಲ್ಲಿ ಉಳಿದುಕೊಂಡ ಜೀನ್ ಸ್ಟಾಲಿಂಗ್ಸ್, ಜ್ಯಾಕ್ ಪಾರ್ಡಿ ಆ ಟೀಮಿನಲ್ಲಿದ್ದರು. ಇಬ್ಬರೂ ಮುಂದೆ ದೊಡ್ಡ ಕೋಚುಗಳಾದರು.

ಆದರೆ ಮಧ್ಯದ ಕಥೆ ಯಾರೂ ಹೇಳಲ್ಲ. ಜಂಕ್ಷನ್‌ನಿಂದ ಬಂದ ಆ ವರ್ಷ ಟೀಮು ಗೆದ್ದದ್ದು ಒಂದು, ಸೋತದ್ದು ಒಂಬತ್ತು. ಬ್ರಯಂಟ್ ಅವರ 38 ವರ್ಷದ ಕೋಚ್ ಜೀವನದಲ್ಲಿ ಗೆಲುವಿಗಿಂತ ಸೋಲು ಜಾಸ್ತಿಯಾದ ವರ್ಷ ಅದೊಂದೇ. ಮತ್ತೆ, 1957ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ ಅದೇ ಟೀಮಿನ ಜಾನ್ ಡೇವಿಡ್ ಕ್ರೋ ಜಂಕ್ಷನ್‌ಗೆ ಹೋಗಿರಲೇ ಇಲ್ಲ. ಆಗಿನ್ನೂ ಅವರು ಮೊದಲ ವರ್ಷದ ವಿದ್ಯಾರ್ಥಿ. ಮೊದಲ ವರ್ಷದವರು ಮುಖ್ಯ ಟೀಮಿಗೆ ಆಡುವ ಹಾಗಿರಲಿಲ್ಲ. ಹಾಗಾದರೆ ಆ ಗೆಲುವು ಬಿಸಿಲಿನಿಂದ ಬಂತಾ, ಒಳ್ಳೆ ಹುಡುಗರು ಬಂದು ಸೇರಿದ್ದರಿಂದ ಬಂತಾ? ಎರಡರಿಂದಲೂ ಅಂತ ಬೇಕಾದರೆ ವಾದ ಮಾಡಿ. ಬರೀ ಬಿಸಿಲಿನಿಂದ ಅಂತ ಮಾತ್ರ ನನಗೆ ಹೇಳಬೇಡಿ.

ಇನ್ನೊಂದು ವಿಷಯ ನನ್ನನ್ನ ತುಂಬಾ ಕಾಡುತ್ತದೆ. 1956ರಲ್ಲಿ ಅಷ್ಟು ಚೆನ್ನಾಗಿ ಆಡಿದ ಆ ಟೀಮಿಗೆ ವರ್ಷದ ಕೊನೆಯ ದೊಡ್ಡ ಪಂದ್ಯ, ಬೌಲ್ ಗೇಮ್ ಅನ್ನುತ್ತಾರೆ, ಅದನ್ನ ಆಡಲು ಅವಕಾಶ ಸಿಗಲಿಲ್ಲ. ಆಟಗಾರರನ್ನ ಸೇರಿಸಿಕೊಳ್ಳುವಾಗ ನಿಯಮ ಮುರಿದಿದ್ದಕ್ಕೆ ಕಾಲೇಜಿಗೆ ಶಿಕ್ಷೆ ಆಗಿತ್ತು. ನೋಡಿ, ನೀರು ಕೇಳದೆ ಬಾಯಿ ಮುಚ್ಚಿಕೊಂಡು ಓಡಿದವರು ಹುಡುಗರು. ನಿಯಮ ಮುರಿದವರು ದೊಡ್ಡವರು. ಶಿಕ್ಷೆ ಉಂಡವರು ಮತ್ತೆ ಹುಡುಗರೇ. ಈ ಮಾತು ಓದಿದ ದಿನ ನನಗೆ ನಿಜವಾಗಿ ಸಿಟ್ಟು ಬಂದಿತ್ತು.

ಹಾಗಂತ ಬ್ರಯಂಟ್ ಕೆಟ್ಟವರು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನ್ನಿಂದ ಆಗಲ್ಲ. 1963ರಲ್ಲಿ ಅವರು ಅಲಬಾಮಾದಲ್ಲಿದ್ದರು. ಟೀಮಿನ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವ ಮುಖ್ಯ ಆಟಗಾರ, ಜೋ ನೇಮತ್. ನಾನು ತರಬೇತಿ ಕೊಟ್ಟವರಲ್ಲೇ ಇವನಂಥ ಆಟಗಾರ ಇನ್ನೊಬ್ಬನಿಲ್ಲ ಅಂತ ಬ್ರಯಂಟ್ ಅವರೇ ಮೆಚ್ಚಿಕೊಂಡ ಹುಡುಗ. ಅವನು ಟೀಮಿನ ನಿಯಮ ಮುರಿದ. ಎದುರಿಗೆ ಎರಡು ದೊಡ್ಡ ಪಂದ್ಯ ಇದ್ದವು, ಅದರಲ್ಲಿ ಒಂದು ಶುಗರ್ ಬೌಲ್. ಬ್ರಯಂಟ್ ಅವನನ್ನ ಎರಡರಿಂದಲೂ ಹೊರಗಿಟ್ಟರು. ಬೇರೆ ಹುಡುಗರಿಗೆ ಒಂದು ನಿಯಮ, ಇವನಿಗೊಂದು ನಿಯಮ ಅಂತ ಮಾಡಲಿಲ್ಲ. ಶುಗರ್ ಬೌಲ್ ಅನ್ನ ಅಲಬಾಮಾ ಅವನಿಲ್ಲದೆಯೇ ಗೆದ್ದಿತು. ಮುಂದಿನ ವರ್ಷ ನೇಮತ್ ವಾಪಸ್ ಬಂದು ಆಡಿದ, ಟೀಮು ರಾಷ್ಟ್ರೀಯ ಚಾಂಪಿಯನ್ ಆಯಿತು.

ನನ್ನ ಪ್ರಕಾರ ಶಿಸ್ತು ಅಂದರೆ ಇದು. ಯಾರ ಮೈಯಿಂದಲೂ ರಕ್ತ ಬರಲಿಲ್ಲ, ಯಾರೂ ತಲೆ ತಿರುಗಿ ಬೀಳಲಿಲ್ಲ. ಆದರೆ ಜಂಕ್ಷನ್‌ಗಿಂತ ಇದು ಕಷ್ಟದ ಕೆಲಸ. ಜಂಕ್ಷನ್‌ನಲ್ಲಿ ಕಳೆದುಕೊಂಡವರು ಹುಡುಗರು. ಇಲ್ಲಿ ಕೋಚ್ ತಮ್ಮ ಸ್ವಂತ ಗೆಲುವನ್ನೇ ಪಣಕ್ಕಿಟ್ಟರು. ಅಪ್ಪ ಅಮ್ಮಂದಿರ ಗ್ರೂಪಿನಲ್ಲಿ ಯಾರಾದರೂ "ಇವರಿಗೊಂದು 1963 ಆಗಬೇಕು" ಅಂತ ಬರೆದಿದ್ದರೆ ನಾನೂ ಹೆಬ್ಬೆರಳು ಒತ್ತುತ್ತಿದ್ದೆ.

ನೀರಿನ ವಿಷಯಕ್ಕೆ ಬರುತ್ತೇನೆ. ಇದು ನನಗೆ ಓದಿ ಗೊತ್ತಾದ ವಿಷಯ ಅಲ್ಲ. ಪಿಯುಸಿಯಲ್ಲಿ ನಾನು ಕಬಡ್ಡಿ ಟೀಮಿನಲ್ಲಿದ್ದೆ. ನಮ್ಮ ಮೇಷ್ಟ್ರು ಒಳ್ಳೆಯವರು, ನಮಗಾಗಿ ಕೈಯಿಂದ ದುಡ್ಡು ಹಾಕಿ ಬಾಳೆಹಣ್ಣು ತರುತ್ತಿದ್ದರು. ಆದರೆ ಆಡುವಾಗ ನೀರು ಮುಟ್ಟುವ ಹಾಗಿರಲಿಲ್ಲ. "ಹೊಟ್ಟೆ ಹಿಡ್ಕೊಳ್ಳುತ್ತೆ ಕಣ್ರೋ" ಅನ್ನುತ್ತಿದ್ದರು. ಅವರಿಗೂ ಅವರ ಮೇಷ್ಟ್ರು ಹಾಗೇ ಹೇಳಿದ್ದಿರಬೇಕು. ಒಂದು ಏಪ್ರಿಲ್ ಮಧ್ಯಾಹ್ನ ನನ್ನ ಪಕ್ಕದಲ್ಲಿ ಓಡುತ್ತಿದ್ದ ಗೆಳೆಯ ನಿಂತುಬಿಟ್ಟ. ಮೈ ಮುಟ್ಟಿದರೆ ಕಾದ ಹೆಂಚು. ಏನೇನೋ ಮಾತಾಡುತ್ತಿದ್ದ, ತನ್ನ ತಮ್ಮನ ಹೆಸರು ಹಿಡಿದು ನನ್ನನ್ನ ಕರೆದ. ನಾವು ನಾಲ್ಕು ಜನ ಹೊತ್ತುಕೊಂಡು ಹೋಗಿ ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಕೂರಿಸಿದೆವು. ಯಾರ ಬುದ್ಧಿಯೋ ಗೊತ್ತಿಲ್ಲ, ಸುಮ್ನೆ ಹೊಳೆಯಿತು. ಅವನು ಉಳಿದ. ಆದರೆ ಮತ್ತೆ ಯಾವತ್ತೂ ಗ್ರೌಂಡ್ ಕಡೆ ಬರಲಿಲ್ಲ.

ಬಿಸಿಲಿನ ಹೊಡೆತಕ್ಕೆ ಮಾಡಬೇಕಾದ ಚಿಕಿತ್ಸೆ ಅದೇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮೊದಲು ಮೈ ತಣ್ಣಗಾಗಬೇಕು, ಆಮೇಲೆ ಆಸ್ಪತ್ರೆ. ಐಸ್ ತುಂಬಿದ ತೊಟ್ಟಿಯಲ್ಲಿ ಕುತ್ತಿಗೆ ತನಕ ಮುಳುಗಿಸಬೇಕು. ಅರ್ಧ ಗಂಟೆಯೊಳಗೆ ಮೈ ಬಿಸಿ ಇಳಿಸಿದರೆ ಜೀವ ಉಳಿಯುತ್ತದೆ. ನೀರು ಕುಡಿದರೆ ಹುಡುಗರು ಮೆತ್ತಗಾಗುತ್ತಾರೆ ಅನ್ನುವುದೂ ಸುಳ್ಳು. 1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಡಾಕ್ಟರ್ ರಾಬರ್ಟ್ ಕೇಡ್ ಮತ್ತು ಜೊತೆಯವರು ಅಲ್ಲಿನ ಫುಟ್‌ಬಾಲ್ ಹುಡುಗರ ಬೆವರನ್ನ ಪರೀಕ್ಷೆ ಮಾಡಿ, ಉಪ್ಪು ಸಕ್ಕರೆ ಹಾಕಿದ ನೀರು ಮಾಡಿ ಕುಡಿಸಿದರು. ಈಗ ಅಂಗಡಿಯಲ್ಲಿ ಸಿಗುವ ಗೇಟೊರೇಡ್ ಹುಟ್ಟಿದ್ದು ಹಾಗೆ. ಜಂಕ್ಷನ್ ಆಗಿ ಹನ್ನೊಂದೇ ವರ್ಷ.

ಇಷ್ಟೆಲ್ಲ ಗೊತ್ತಿದ್ದೂ 2018ರಲ್ಲಿ ಒಬ್ಬ ಹುಡುಗ ಸತ್ತ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್, 19 ವರ್ಷ. ಅಲ್ಲಿಗೂ ಅದಕ್ಕೆ ಎರಡೂವರೆ ವರ್ಷ ಮುಂಚೆ ಹೊಸ ಕೋಚ್ ಬಂದಿದ್ದರು, ಬಿಗಿ ಮಾಡಲು. ಮೇ 29ರಂದು 110 ಗಜದ ಓಟ, ಹತ್ತು ಸಲ. ಹುಡುಗ ಓಡುತ್ತಾ ಓಡುತ್ತಾ ಕುಸಿದ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಸುಮಾರು ಒಂದು ಗಂಟೆ ಆದ ಮೇಲೆ. ಮೈ ಬಿಸಿ ಎಷ್ಟಿದೆ ಅಂತ ಅಳತೆ ನೋಡಿರಲಿಲ್ಲ. ಐಸ್ ತೊಟ್ಟಿಯಲ್ಲಿ ಮುಳುಗಿಸಲಿಲ್ಲ. ಆಸ್ಪತ್ರೆಗೆ ಹೋದಾಗ 41 ಡಿಗ್ರಿ ಇತ್ತಂತೆ. ಜೂನ್ 13ಕ್ಕೆ ತೀರಿಕೊಂಡ.

ಆಮೇಲೆ ತನಿಖೆ ನಡೆಯಿತು. ವಿಶ್ವವಿದ್ಯಾಲಯ ತನ್ನ ತಪ್ಪು ಒಪ್ಪಿಕೊಂಡಿತು. ಕೋಚನ್ನ ರಜೆ ಮೇಲೆ ಕಳಿಸಿ, ಅಕ್ಟೋಬರ್ ಕೊನೆಗೆ ವಾಪಸ್ ಕರೆದು, ಜನ ಸಿಟ್ಟಾದ ಮೇಲೆ ಮಾರನೇ ದಿನವೇ ತೆಗೆದರು. ಟೀಮಿನ ವಾತಾವರಣ ಹೇಗಿತ್ತು ಅಂತ ನೋಡಲು ನೇಮಿಸಿದ್ದ ಸಮಿತಿಯ ವರದಿಯಲ್ಲಿ ಒಂದು ವಿಷಯ ಇದೆ. ತುಂಬಾ ಹುಡುಗರಿಗೆ ಬಾಯಿ ಬಿಡಲು ಭಯ ಇತ್ತು, ಅದಕ್ಕೇ ತೊಂದರೆಗಳು ಒಳಗೊಳಗೇ ಕೊಳೆತವು ಅಂತ. ನಾನು ಅದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಗೆಳೆಯನೂ ಅವತ್ತು "ಆಗ್ತಿಲ್ಲ ಸಾರ್" ಅಂತ ಹೇಳಿರಲಿಲ್ಲ. ಹೇಳಬಹುದು ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಒಂದು ಸಣ್ಣ ಸಂಗತಿ. ಬ್ರಯಂಟ್ ಮೊಟ್ಟಮೊದಲು ಮುಖ್ಯ ಕೋಚ್ ಆಗಿದ್ದು ಇದೇ ಮೇರಿಲ್ಯಾಂಡಿನಲ್ಲಿ, 1945ರಲ್ಲಿ. ನಿಯಮ ಮುರಿದ ಆಟಗಾರನನ್ನ ಅವರು ಹೊರಗಿಟ್ಟರೆ, ವಿಶ್ವವಿದ್ಯಾಲಯದ ಅಧ್ಯಕ್ಷರು ಅವನನ್ನ ವಾಪಸ್ ಸೇರಿಸಿದರು. ಒಂದೇ ವರ್ಷಕ್ಕೆ ಕೆಲಸ ಬಿಟ್ಟು ಹೊರಟರು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಐದು ಗಂಟೆಗೆ ಏಳಲಿ, ಒಳ್ಳೆಯದು. ಮೊದಲ ಸಾಲಿನಲ್ಲಿ ಕೂರಲಿ, ಇನ್ನೂ ಒಳ್ಳೆಯದು. ನೀನು ಮೂರು ವಿಷಯ ಕೇಳು. ಗ್ರೌಂಡ್ ಪಕ್ಕ ಐಸ್ ತೊಟ್ಟಿ ಇದೆಯಾ? ಆಗಲ್ಲ ಅಂದ ಹುಡುಗನನ್ನ ಏನು ಮಾಡುತ್ತಾರೆ? ಟೀಮಿನ ಸ್ಟಾರ್ ತಡ ಮಾಡಿದರೂ ಬಾಗಿಲು ಹಾಕುತ್ತಾರಾ?

"ಅಯ್ಯೋ, ಅಮ್ಮ ಫೋನ್ ಮಾಡಿ ಕೋಚ್ ಹತ್ರ ಇದನ್ನೆಲ್ಲ ಕೇಳಿದ್ರೆ ಇವನ ಮಾನ ಹೋಗಲ್ವೇನೋ?" ಅಂದಳು.

"ಹೋಗ್ಲಿ ಬಿಡಕ್ಕ. ಮಾನ ಆಮೇಲೆ ಬರುತ್ತೆ" ಅಂದೆ.

ಅವಳು ಮಗನನ್ನೇ ಕೇಳಿದ್ದಾಳೆ. ಅವನು ಸಿಡುಕಿದ್ದಾನೆ. ಮೊನ್ನೆ ಸಂಜೆ ನನಗೊಂದು ಫೋಟೋ ಕಳಿಸಿದ. ಗ್ರೌಂಡ್ ಗೆರೆಯ ಆಚೆ ಒಂದು ದೊಡ್ಡ ನೀಲಿ ತೊಟ್ಟಿ, ದನಗಳಿಗೆ ನೀರಿಡುವಂಥದ್ದು. ತುಂಬಾ ಐಸ್. ಪಕ್ಕದಲ್ಲಿ ಟವೆಲ್ಲುಗಳ ರಾಶಿ. ಕೆಳಗೆ ಬರೆದಿದ್ದ: "ಮಾವ, ಇದು ದಿನಾ ಇರುತ್ತೆ. ಅಮ್ಮಂಗೆ ಹೇಳಿ. ನಿನ್ನೆ ನಮ್ಮ ಕ್ವಾರ್ಟರ್‌ಬ್ಯಾಕ್ ಲೇಟ್. ಬಾಗಿಲ ಹೊರಗೇ ನಿಂತಿದ್ದ." ಎರಡನೇ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. ಮತ್ತೆ ಕೇಳಿದ್ದೇನೆ, ಕಾಯುತ್ತಿದ್ದೇನೆ.

ಅಕ್ಕ ಈಗ ಡಲ್ಲಾಸಿನಲ್ಲಿ ನಾಲ್ಕೂಕಾಲಿಗೆ ಅಲಾರ್ಮ್ ಇಟ್ಟುಕೊಂಡು ಏಳುತ್ತಾಳೆ. ಮಗನಿಗೆ ಒಂದು ರಿಂಗ್ ಕೊಟ್ಟು, ಅವನು ಎತ್ತಿ "ಎದ್ದೆ" ಅಂದ ಮೇಲೆ ಮತ್ತೆ ಮಲಗುತ್ತಾಳೆ.