9 ಜನಕ್ಕೆ 14 ಮಿರ್ಚಿ

ಮೊನ್ನೆ ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಕೂತಿದ್ದಾಗ ಸೋದರಮಾವ ಒಂದು ತಪ್ಪು ಪ್ರಶ್ನೆ ಕೇಳಿದರು. "ಈ ಐಪಿಎಲ್‌ನಲ್ಲಿ ಯಾರು ಯಾರ ಜೊತೆ ಎಷ್ಟು ಸಲ ಆಡ್ತಾರೆ?"

ಮಾವ ದಾವಣಗೆರೆಯ ದಲ್ಲಾಳಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಲೆಕ್ಕ ತಾಳೆಯಾಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ತಂಡ 10, ಮಾವ."

"ಒಬ್ಬೊಬ್ಬರಿಗೂ ಎದುರಾಳಿ 9. ಎರಡೆರಡು ಸಲ ಅಂದ್ರೆ 18."

"ಇಲ್ಲ. 14."

"ಒಂದೊಂದೇ ಸಲ ಅಂದ್ರೆ 9 ಆಗ್ಬೇಕು. 14 ಎಲ್ಲಿಂದ ಬಂತು? 9 ಜನಕ್ಕೆ 14 ಮಿರ್ಚಿ ಹೆಂಗ್ ಹಂಚ್ತೀಯೋ?"

"ಐದು ಜನಕ್ಕೆ ಎರಡೆರಡು, ನಾಲ್ಕು ಜನಕ್ಕೆ ಒಂದೊಂದು."

"ಆ ನಾಲ್ಕು ಜನ ಸುಮ್ನೆ ಇರ್ತಾರಾ?"

ಇರುತ್ತಾರೆ ಮಾವ. ನಾವೂ ಇದ್ದೇವಲ್ಲ! ಮೇ ತಿಂಗಳು ಬಂದರೆ ನೆಟ್ ರನ್ ರೇಟಿನ ದಶಮಾಂಶ ಹಿಡಿದು ಗೆಳೆಯರ ಜೊತೆ ಹೊಡೆದಾಡುತ್ತೇವೆ. ಆದರೆ ಕೊನೇ ಸ್ಥಾನದ ತಂಡದ ಮೇಲೆ ಇವರು ಎರಡು ಸಲ ಆಡಿದರಾ, ಅವರು ಒಂದೇ ಸಲ ಆಡಿದರಾ ಅಂತ ಯಾರೂ ಕೇಳುವುದಿಲ್ಲ.

2008ರಲ್ಲಿ ಈ ತಾಪತ್ರಯ ಇರಲಿಲ್ಲ. ತಂಡ 8, ಎದುರಾಳಿ 7, ಎರಡೆರಡು ಸಲ, ಒಟ್ಟು 14. ಬೆರಳಲ್ಲೇ ಲೆಕ್ಕ ಮುಗಿಯುತ್ತಿತ್ತು. 2011ರಲ್ಲಿ ಕೊಚ್ಚಿ, ಪುಣೆ ಸೇರಿಕೊಂಡವು. ಮನೆಗೆ ಇಬ್ಬರು ನೆಂಟರು ಬಂದರೆ ನಾವು ಒಂದು ಪಾವು ಅಕ್ಕಿ ಜಾಸ್ತಿ ಹಾಕುತ್ತೇವೆ. ಇವರು ಹಾಕಲಿಲ್ಲ. 10 ತಂಡವಾದರೂ 14 ಅಲ್ಲಾಡಲಿಲ್ಲ. ಮರುವರ್ಷ ಕೊಚ್ಚಿ ಎದ್ದು ಹೋಯಿತು, 9 ತಂಡ ಉಳಿದವು. ಆಗ ಒಬ್ಬೊಬ್ಬರಿಗೆ 16 ಪಂದ್ಯ! ನೆಂಟರು ಇದ್ದಾಗ ಗಂಜಿ, ಹೋದ ಮೇಲೆ ಹೋಳಿಗೆ.

ಆ ಕೊಚ್ಚಿ ಗಾಡಿಯಲ್ಲಿ ನಮ್ಮೂರಿನವರೂ ಒಬ್ಬರಿದ್ದರು. ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಹೆಸರಾದ ಬೌಲರ್ ವಿನಯ್ ಕುಮಾರ್. 2011ರಲ್ಲಿ ಬೆಂಗಳೂರು ಬಿಟ್ಟು ಕೊಚ್ಚಿಗೆ ಆಡಿದರು. ಒಂದೇ ಸೀಸನ್ನಿಗೆ ತಂಡವೇ ಮಾಯ. 2012ಕ್ಕೆ ವಾಪಸ್ ಬೆಂಗಳೂರು.

"ಎಕ್ಸ್‌ಪ್ರೆಸ್ ಟೈಮಿಗೇ ಹೋಗಿತ್ತು," ಅಂದರು ಮಾವ. "ಸ್ಟೇಷನ್ನೇ ಕಿತ್ತು ಹಾಕಿದ್ರು."

2022ರಲ್ಲಿ ಮತ್ತೆ 10. ಲಖನೌ 7,090 ಕೋಟಿ ಕೊಟ್ಟು ಬಂತು, ಗುಜರಾತ್ 5,625 ಕೋಟಿ. ಐದೈದು ತಂಡಗಳ ಎರಡು ಗುಂಪು ಮಾಡಿದರು. ನಿಮ್ಮ ಗುಂಪಿನ ನಾಲ್ವರ ಜೊತೆ ಎರಡೆರಡು ಸಲ. ಆಚೆ ಗುಂಪಿನಲ್ಲಿ ಒಬ್ಬರ ಜೊತೆ ಎರಡು ಸಲ, ಉಳಿದ ನಾಲ್ವರ ಜೊತೆ ಒಂದೊಂದು ಸಲ. ಇದನ್ನು ಬಾಯಿಪಾಠ ಮಾಡುವಷ್ಟರಲ್ಲಿ 2023 ಬಂತು. ಆಗ ಸ್ವಂತ ಗುಂಪಿನವರ ಜೊತೆ ಒಂದೇ ಸಲ, ಆಚೆ ಗುಂಪಿನ ಐವರ ಜೊತೆಯೂ ಎರಡೆರಡು ಸಲ! ಅಂದರೆ ಒಂದು ವರ್ಷ ಮನೆಯವರ ಜೊತೆ ಜಾಸ್ತಿ ಜಗಳ, ಮರುವರ್ಷ ಪಕ್ಕದ ಮನೆಯವರ ಜೊತೆ. ಇಷ್ಟೆಲ್ಲ ಮಾಡಿ ಅಂಕಪಟ್ಟಿ ಮಾತ್ರ ಒಂದೇ. ಗುಂಪಿಗೆ ಮೊದಲಿಗರಾದರೆ ಒಂದು ತೆಂಗಿನಕಾಯಿಯೂ ಸಿಗುವುದಿಲ್ಲ.

ಇದೊಂದು ವಿಷಯ ಮಾವನಿಗೆ ತಕ್ಷಣ ಅರ್ಥವಾಯಿತು. ಅವರ ಊರು ಹರಪನಹಳ್ಳಿ ತಾಲೂಕಿನದು. ಮೊದಲು ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, ಈಗ ವಿಜಯನಗರ. "ನಮ್ಮ ಹೊಲ ಇದ್ದಲ್ಲೇ ಐತೆ ನೋಡು, ಗುಂಪು ಮೂರು ಸಲ ಬದಲಾತು," ಅಂದರು.

"ಹೋಗ್ಲಿ, ನೆಟ್ಟಗೆ 18 ಆಡಿಸೋಕೆ ಏನು ಕಷ್ಟ?"

"ಪ್ಲೇಆಫ್ ಸೇರಿ 94 ಪಂದ್ಯ ಆಗುತ್ತೆ. ಅಷ್ಟು ದಿನ ಎಲ್ಲಿದೆ?"

"ಹಂಗಾದ್ರೆ ಒಂದೊಂದೇ ಸಲ ಆಡಿಸ್ಲಿ. 45ಕ್ಕೆ ಲೀಗ್ ಮುಗೀತು."

ನಾನು ಆಚೆ ಈಚೆ ನೋಡಿದೆ. ಇಂಥ ಮಾತು ಜೋರಾಗಿ ಆಡಬಾರದು. ಐದು ವರ್ಷದ ಪ್ರಸಾರ ಹಕ್ಕು 48,390 ಕೋಟಿಗೆ ಹೋಗಿದೆ. 45 ಪಂದ್ಯ ಅಂದರೆ ಪಾನ್ ಮಸಾಲಾ ಜಾಹೀರಾತನ್ನು ಪಾಪ ಎಲ್ಲಿ ತುರುಕಬೇಕು?

ಅಷ್ಟರಲ್ಲಿ ಬಿಸಿ ಮಿರ್ಚಿ ಬಂತು. ನಾವಿಬ್ಬರು, ತಟ್ಟೆಯಲ್ಲಿ ಮೂರು. ಮಾವ ಎರಡನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಮುಖ ನೋಡಿದೆ.

"ನೀನು ಬೇರೆ ಗುಂಪು," ಅಂದರು.